ಕುಲುಮೆಯೂ ಬೇಕು, ಕತ್ತಿಯೂ ಬೇಕು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದು ನಾನು ಒಂದು ಕಂಪ್ಯೂಟರ್ ಆಟದ ಬಗ್ಗೆ ಮಾತನಾಡುತ್ತೇನೆ. ಹಿರಿಯರು ಬೇಸರಿಸಬಾರದು. ನಮಾಜು, ಪಾಠ ಬಿಟ್ಟು ಆಟ ಆಡಿರೆಂದು ಹೇಳಲು ನಾನು ಬಂದಿಲ್ಲ. ಆಡುವ ಮಕ್ಕಳು ಹೇಗೂ ಆಡುತ್ತಿದ್ದಾರೆ. ಆ ಆಟದಿಂದ ನನಗೊಂದು ಪಾಠ ಸಿಕ್ಕಿತು, ಅದನ್ನು ನಿಮ್ಮ ಮುಂದಿಡುತ್ತೇನೆ.

ಕುರ್ಡಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ವಯಸ್ಸು ಹದಿನೇಳು. ಹತ್ತನೇ ತರಗತಿಯ ಗಣಿತದಲ್ಲಿ ಫೇಲಾಗಿ ಗ್ಯಾರೇಜಿಗೆ ಸೇರಿದವನು. ಕೈ ಬಹಳ ಚುರುಕು, ಬೈಕಿನ ಇಂಜಿನ್ ಬಿಚ್ಚಿ ಕೂಡಿಸುತ್ತಾನೆ. ರಾತ್ರಿ ಅಣ್ಣನ ಹಳೆಯ ಲ್ಯಾಪ್‌ಟಾಪಿನಲ್ಲಿ 'ಸ್ಕೈರಿಮ್' ಆಡುತ್ತಾನೆ. ಅಮೆರಿಕದ ಬೆಥೆಸ್ಡಾ ಕಂಪನಿ 2011ರಲ್ಲಿ ಹೊರತಂದ ಆಟವಿದು. ನಾವು ಒಬ್ಬ ವೀರನ ಪಾತ್ರ ವಹಿಸಿ ಅವನನ್ನು ಬೆಳೆಸಬೇಕು. ಒಂದು ದಿನ ಅವನು ನನ್ನೆದುರು ಅಳಲು ತೋಡಿಕೊಂಡ: "ಸರ್, ನನ್ ಲೆವೆಲ್ ಹದಿನೈದೈತ್ರಿ. ಆದ್ರ ದಾರ್ಯಾಗ ನಿಂತ ಒಬ್ಬ ಡಕಾಯಿತ ಮೂರ್ನಾಕು ಏಟಿಗೆ ಮುಗಸ್ತಾನ್ರಿ. ಆಟನೇ ಮೋಸ ಐತಿ."

ಕೂತು ನೋಡಿದೆ. ಮೋಸ ಆಟದ್ದಲ್ಲ. ಆ ಆಟದಲ್ಲಿ ಹದಿನೆಂಟು ವಿದ್ಯೆಗಳಿವೆ: ಕತ್ತಿವರಸೆ, ಗುರಾಣಿ, ಬಿಲ್ಲು, ಕಮ್ಮಾರಿಕೆ, ಔಷಧ ತಯಾರಿಕೆ ಇತ್ಯಾದಿ. ಯಾವ ವಿದ್ಯೆಯಲ್ಲಿ ಬೆಳೆದರೂ ಒಟ್ಟು ಲೆವೆಲ್ ಏರುತ್ತದೆ. ಹಲವು ಜಾಗಗಳಲ್ಲಿ ಎದುರಾಳಿಗಳು ನಮ್ಮ ಲೆವೆಲ್ ನೋಡಿಕೊಂಡೇ ಬಲವಾಗಿ ಬರುತ್ತಾರೆ. ನಮ್ಮ ಹುಡುಗ ಮಾಡಿದ್ದೇನು? ಕುಲುಮೆಯ ಮುಂದೆ ನಿಂತು ಕಬ್ಬಿಣದ ಗಟ್ಟಿಗೆ ಚರ್ಮದ ಪಟ್ಟಿ ಸೇರಿಸಿ ಬಾಕು ಮಾಡಿದ್ದು, ಮಾಡಿದ್ದು, ಮಾಡಿದ್ದು. ಕಮ್ಮಾರಿಕೆ ಎಂಬತ್ತರ ಹತ್ತಿರ, ಕತ್ತಿವರಸೆ ಇಪ್ಪತ್ತೈದು ದಾಟಿಲ್ಲ. ಕತ್ತಿವರಸೆ ಬೆಳೆಯುವುದು ವೈರಿಗೆ ಹೊಡೆದಾಗ, ಕವಚದ ವಿದ್ಯೆ ಬೆಳೆಯುವುದು ಏಟು ತಿಂದಾಗ. ಕುಲುಮೆಯ ಮುಂದೆ ಏಟು ಬೀಳುವುದಿಲ್ಲವಲ್ಲ! ಇನ್ನೊಂದು ತಪ್ಪೂ ಇತ್ತು. ಪ್ರತಿ ಲೆವೆಲ್ಲಿಗೆ ಆರೋಗ್ಯ, ಮಂತ್ರಶಕ್ತಿ, ದಮ್ಮು ಈ ಮೂರರಲ್ಲಿ ಒಂದಕ್ಕೆ ಹತ್ತು ಅಂಕ ಸೇರಿಸಬಹುದು. ಹೆಚ್ಚು ಕಬ್ಬಿಣ ಹೊರಬಹುದೆಂದು ಅವನು ಎಲ್ಲವನ್ನೂ ದಮ್ಮಿಗೇ ಹಾಕಿದ್ದ.

ಹಾಗಾದರೆ ಕಮ್ಮಾರಿಕೆ ವ್ಯರ್ಥವೇ? ಅಲ್ಲ. ಅದೇ ಕತ್ತಿಯನ್ನು ಸಾಣೆಕಲ್ಲಿಗೆ ಹಿಡಿದರೆ ಏಟಿನ ಬಲ ಹೆಚ್ಚುತ್ತದೆ. ಬರೀ ಹೊಡೆದಾಡುವವನು ಮೊಂಡು ಕತ್ತಿಯಿಂದಲೇ ಸೋಲುತ್ತಾನೆ. ಆದ್ದರಿಂದ ನಾನು ಅವನಿಗೆ ಹೇಳಿದ್ದು ಇಷ್ಟೇ: ಮಾರುವುದಕ್ಕೆಂದು ನೂರು ಬಾಕು ಬೇಡ, ನಿನ್ನ ಕೈಗೊಂದು ಒಳ್ಳೆಯ ಕತ್ತಿ, ಮೈಗೊಂದು ಕವಚ ಮಾಡಿಕೋ. ಅದನ್ನು ಹಿಡಿದು ಹೊರಗೆ ಹೋಗು. ಹೊರಗೆ ಏನು ಕಡಿಮೆ ಬಿತ್ತೋ ಅದನ್ನು ಬಂದು ಮಾಡು. ಮುಂದಿನ ಅಂಕಗಳು ಆರೋಗ್ಯಕ್ಕೆ ಹೋಗಲಿ. ಈಗಾಗಲೇ ಮಾಡಿದ ಬಾಕುಗಳನ್ನು ಮಾರಿ, ಆ ಹಣದಲ್ಲಿ ಕತ್ತಿವರಸೆಯ ಉಸ್ತಾದನ ಬಳಿ ಕಲಿ. ಆ ಆಟದಲ್ಲಿ ಒಂದು ಲೆವೆಲ್ಲಿಗೆ ಐದು ಸಲ ಹಣ ಕೊಟ್ಟು ಕಲಿಯಲು ಅವಕಾಶವಿದೆ.

ಎಲ್ಲ ಆಟದ ಲೆಕ್ಕವೂ ಒಂದೇ ಅಲ್ಲ. 2001ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ 'ರೂನ್‌ಸ್ಕೇಪ್'ನಲ್ಲಿ ಕಾಳಗದ ಲೆವೆಲ್ ಬೇರೆ, ಕಸುಬಿನದು ಬೇರೆ. ಅಲ್ಲಿ ಕಮ್ಮಾರಿಕೆ ಬೆಳೆದರೆ ಕಾಳಗದ ಲೆವೆಲ್ ಏರದು. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ: ನನ್ನನ್ನು ಅಳೆಯುವ ಕೋಲು ಯಾವುದು?

ಮಿತ್ರರೇ, ಇದು ಆಟಕ್ಕಷ್ಟೇ ಸೀಮಿತವಲ್ಲ. ರಾಯಚೂರಿಗೆ ಹೋದಾಗ ಕೋಟೆ ನೋಡಿ. 1294ರ ಶಾಸನವಿರುವ, ನಲವತ್ತು ಅಡಿಗೂ ಮಿಕ್ಕಿದ ಕಲ್ಲು ಅಲ್ಲಿದೆ. ಎಂಥ ಕಸುಬು! ಆದರೂ 1520ರಲ್ಲಿ ಕೋಟೆ ಬಿಜಾಪುರದವರ ಕೈತಪ್ಪಿ ವಿಜಯನಗರದ ವಶವಾಯಿತು. ಪೋರ್ಚುಗೀಸ್ ನೂನಿಜ್ ಬರೆದಿರುವಂತೆ, ಹಾರೆ ಗುದ್ದಲಿ ಹಿಡಿದವರು ಗೋಡೆ ಕಿತ್ತರು. ಅವರ ಮೇಲೆ ದಾಳಿಯಾಗದಂತೆ ಬಂದೂಕಿನವರು ಮೇಲೆ ನಿಂತವರಿಗೆ ಗುರಿಯಿಟ್ಟರು. ಯಾರು ಗೆದ್ದರು, ಯಾರು ಸೋತರು ಎಂಬುದು ಇಲ್ಲಿ ನಮ್ಮ ಮಾತಲ್ಲ. ಅಗೆಯುವ ಕೈ, ಕಾಯುವ ಕೈ ಒಂದಾದಾಗ ಕೆಲಸವಾಯಿತು ಎಂಬುದೇ ಮಾತು.

ಹಜ್ರತ್ ದಾವೂದ್ ಅಲೈಹಿಸ್ಸಲಾಮರನ್ನು ನೆನೆಯಿರಿ. ಜಾಲೂತನನ್ನು ಎದುರಿಸಿ ಗೆದ್ದವರು ಅವರೇ. ಅಲ್ಲಾಹನು ಅವರಿಗೆ ಕಬ್ಬಿಣವನ್ನು ಮೃದುಗೊಳಿಸಿ ಕವಚ ಹೆಣೆಯುವ ವಿದ್ಯೆ ಕಲಿಸಿದನೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಅವರು ತಮ್ಮ ಕೈಯ ದುಡಿಮೆಯಿಂದಲೇ ಉಣ್ಣುತ್ತಿದ್ದರೆಂದು ಹದೀಸಿನಲ್ಲಿದೆ. ಒಬ್ಬರಲ್ಲೇ ಎರಡೂ ಇದ್ದವು.

ಈಗ ನನ್ನ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಆ ಹುಡುಗನನ್ನು ನಾವು ಶಿಕ್ಷಕರು ವಯಸ್ಸಿನ ಲೆಕ್ಕದಲ್ಲಿ ವರ್ಷವರ್ಷವೂ ಮುಂದಿನ ತರಗತಿಗೆ ಏರಿಸಿದೆವು. ಲೆವೆಲ್ ಏರಿತು. ಭಾಗಾಕಾರ ಬಂದಿತೇ ಎಂದು ನೋಡಲಿಲ್ಲ. ಹತ್ತನೇ ತರಗತಿಯ ಪ್ರಶ್ನೆಪತ್ರಿಕೆ ಮಾತ್ರ ಹತ್ತನೇ ಲೆವೆಲ್ಲಿನ ಬಲದಿಂದಲೇ ಎದುರು ನಿಂತಿತು. "ಕಸುಬು ಐತಲ್ರಿ, ಸಾಕು" ಎಂದು ಅವನು ಹೇಳುತ್ತಿದ್ದ. ಕಸುಬು ದೊಡ್ಡದೇ. ಆದರೆ ಐಟಿಐನ ಹಲವು ಟ್ರೇಡುಗಳಿಗೆ ಹತ್ತನೆಯದು ಪಾಸಾಗಿರಬೇಕು. ಇತ್ತ ಬರೀ ಅಂಕಗಳ ಹಿಂದೆ ಬಿದ್ದ ಜಾಣ ಮಕ್ಕಳೇ, ನಿಮ್ಮ ಕೈಗೆ ಯಾವ ಕೆಲಸ ಬರುತ್ತದೆ, ನೀವೂ ಕೇಳಿಕೊಳ್ಳಿ.

ಅವನ ಆಟ ಈಗ ಸುಧಾರಿಸಿದೆ. ಮೊನ್ನೆ ಗ್ಯಾರೇಜಿನ ಸಂಬಳದಲ್ಲಿ ಗಣಿತದ ಪರೀಕ್ಷಾ ಶುಲ್ಕ ಕಟ್ಟಿ ರಸೀದಿ ತೋರಿಸಿದ. ಸಂಜೆ ನನ್ನ ಮನೆಗೆ ಲೆಕ್ಕ ಕಲಿಯಲು ಬರುತ್ತಾನೆ. ಫಲಿತಾಂಶ ಅಲ್ಲಾಹನ ಕೈಯಲ್ಲಿದೆ. ಅವನಿಗಾಗಿ ನೀವೆಲ್ಲರೂ ದುವಾ ಮಾಡಿ. ಸಂಘದ ಹಿರಿಯರು ಇಂಥ ಮಕ್ಕಳನ್ನು ಗ್ಯಾರೇಜುಗಳಲ್ಲಿ ಹುಡುಕಿ ಕರೆತರಬೇಕೆಂದು ಕೈಮುಗಿದು ಕೇಳುತ್ತೇನೆ.

ಕೈಗೆ ಕಸುಬು, ತಲೆಗೆ ವಿದ್ಯೆ ಎರಡನ್ನೂ ಅಲ್ಲಾಹನು ನಮ್ಮ ಮಕ್ಕಳಿಗೆ ಕರುಣಿಸಲಿ. ಆಮೀನ್.