ಬಂದ ಓಲೆ ಖರೆಯೋ ಸುಳ್ಳೋ?

(ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಾಡುನುಡಿಗಳ ಹಿರಿಮೆಯನ್ನು ಹೇಳಬಲ್ಲ ವಿದ್ವಾಂಸರು ಈ ಸಭೆಯಲ್ಲಿಯೇ ಇದ್ದಾರೆ. ಆ ಕೆಲಸವನ್ನು ಅವರಿಗೇ ಬಿಟ್ಟು, ಬಾಳೆಲ್ಲ ಲೆಕ್ಕದ ಪುಸ್ತಕಗಳ ನಡುವೆ ಕಳೆದ ನಾನು ಮನೆವಾರ್ತೆಯ ಒಂದು ವಿಷಯವನ್ನು ತಮ್ಮ ಮುಂದಿಡುತ್ತೇನೆ. "ನಿಮ್ಮಂಥ ಅನೇಕರ ಪರವಾಗಿ ಹೂಡಿದ ದಾವೆ ರಾಜಿಯಾಗಿದೆ, ನಿಮಗೂ ಹಣ ಬರಬೇಕಾಗಿದೆ, ಅರ್ಜಿ ಹಾಕಿಕೊಳ್ಳಿ" ಎಂದು ಇ-ಮೇಲಿನಲ್ಲಿ ಓಲೆ ಬಂದರೆ ಅದನ್ನು ನಂಬಬೇಕೆ, ಬಿಡಬೇಕೆ? ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ಆದರೆ ಇಂಥದೇ ಪ್ರಶ್ನೆಗೆ ನಾನು ದುಡುಕಿ ಕೊಟ್ಟ ಒಂದು ಉತ್ತರ ನಮ್ಮವರೊಬ್ಬರಿಗೆ ಬಹಳ ದುಬಾರಿಯಾಯಿತು. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಮ್ಮ ಬೀದಿಯಲ್ಲಿ ಬೀದರ ಕಡೆಯ ತಾಯಿಯೊಬ್ಬರಿದ್ದಾರೆ. ನಾವೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತೇವೆ. ಅವರ ಯಜಮಾನರು ತೀರಿಕೊಳ್ಳುವ ಮೊದಲು ಒಂದು ಸಂಸ್ಥೆಯಲ್ಲಿ ಠೇವಣಿ ಇಟ್ಟಿದ್ದರು. ಆ ಸಂಸ್ಥೆ ಕೈಯೆತ್ತಿತು. ಎಷ್ಟೋ ವರ್ಷಗಳ ಮೇಲೆ, ಠೇವಣಿದಾರರು ಅರ್ಜಿ ಹಾಕಬಹುದೆಂದು ಒಂದು ಸೂಚನೆ ಬಂತು. ಅಕ್ಕ ಫೋನು ಹಿಡಿದುಕೊಂಡು ನಮ್ಮ ಮನೆಗೆ ಬಂದರು. "ಅಣ್ಣಾ, ಇದು ಖರೇ ಅದನೋ ಸುಳ್ಳ ಅದನೋ, ಜರಾ ನೋಡ್ರಿ" ಎಂದರು. ನಾನು ಕನ್ನಡಕವನ್ನು ಕೂಡ ಹಾಕಿಕೊಳ್ಳಲಿಲ್ಲ. "ಇವೆಲ್ಲಾ ಮೋಸದ ದಂಧೆ, ಅಳಿಸಿಬಿಡ್ರಿ ಅಕ್ಕಾ" ಎಂದೆ. ಅವರ ಅಳಿಯ ವಿಚಾರಿಸಿ ನೋಡಲಾಗಿ ಸೂಚನೆ ನಿಜವಾದದ್ದೇ ಆಗಿತ್ತು. ಅರ್ಜಿ ಹಾಕಿದರು, ಮೊದಲ ಕಂತೂ ಬಂತು. ಕೆಲವು ತಿಂಗಳಾದ ಮೇಲೆ ಎರಡನೆಯ ಕಂತು ಮಂಜೂರಾಗಿದೆ, 4,800 ರೂಪಾಯಿ ಶುಲ್ಕ ಕಟ್ಟಬೇಕು ಎಂದು ಇನ್ನೊಂದು ಓಲೆ ಬಂತು. ಅದರ ಹಿಂದೆಯೇ ಒಬ್ಬನ ಫೋನು ಬಂತು. ಅಕ್ಕ ಶುಲ್ಕ ಕಟ್ಟಿದರು, ಅವನು ಕೇಳಿದ ಓಟಿಪಿಯನ್ನೂ ಹೇಳಿದರು. ಖಾತೆಯಿಂದ 62,000 ರೂಪಾಯಿ ಹೋಯಿತು. "ನನ್ನನ್ನು ಒಂದು ಮಾತು ಯಾಕೆ ಕೇಳಲಿಲ್ಲ?" ಎಂದೆ. "ನಿಮಗ ಕೇಳಿದ್ರ ಮತ್ತ ಸುಳ್ಳ ಅಂತೀರಿ ಅಂತ ಕೇಳಲಿಲ್ರಿ, ಅಣ್ಣಾ" ಎಂದರು.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಎಲ್ಲವನ್ನೂ ನಂಬುವುದು ಹೇಗೆ ಭೋಳೆತನವೋ, ಏನನ್ನೂ ನೋಡದೆ ಎಲ್ಲವನ್ನೂ ಸುಳ್ಳೆನ್ನುವುದು ಹಾಗೆಯೇ ಸೋಮಾರಿತನ. ಅದಕ್ಕೆ ನಾವು ಜಾಣತನವೆಂದು ಹೆಸರಿಟ್ಟುಕೊಂಡಿದ್ದೇವೆ.

ಈ ಸಾಮೂಹಿಕ ದಾವೆಯೆಂದರೇನು ಎಂಬುದಕ್ಕೆ ನಮ್ಮ ಹೈದರಾಬಾದೇ ದೊಡ್ಡ ಉದಾಹರಣೆ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್ ಅಧ್ಯಕ್ಷ ರಾಮಲಿಂಗರಾಜು ಅವರು ಬರೆದ ಪತ್ರ ತಮಗೆ ನೆನಪಿರಬಹುದು. ಪುಸ್ತಕದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿಗಳ ನಗದು ಮತ್ತು ಬ್ಯಾಂಕು ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲವೆಂದು ಅವರೇ ಒಪ್ಪಿಕೊಂಡರು. ಅಮೆರಿಕದಲ್ಲಿ ನಷ್ಟಪಟ್ಟವರ ಪರವಾಗಿ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ದಾವೆ ನಡೆಯಿತು. 2011ರಲ್ಲಿ ಕಂಪನಿ 12.5 ಕೋಟಿ ಡಾಲರ್, ಲೆಕ್ಕ ಪರಿಶೋಧಕರು 2.55 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿಯಾಯಿತು. ಆದರೆ ಇಲ್ಲಿಯೇ ಇದ್ದು ಇಲ್ಲಿಯ ಪೇಟೆಯಲ್ಲಿ ಷೇರು ಕೊಂಡ ನಮ್ಮವರಿಗೆ ಅದರಲ್ಲಿ ಪಾಲಿರಲಿಲ್ಲ. ಷೇರುದಾರರು ಒಟ್ಟಾಗಿ ದಾವೆ ಹೂಡುವ ಹಕ್ಕನ್ನು ನಮ್ಮ ದೇಶದಲ್ಲಿ 2013ರ ಕಂಪನಿ ಕಾಯಿದೆಯ 245ನೆಯ ಕಲಮು ಕೊಟ್ಟಿತು. ಅದು ಜಾರಿಗೆ ಬಂದದ್ದು 2016ರ ಜೂನ್ 1ರಂದು.

ಆದ್ದರಿಂದ ಇಂಥ ಓಲೆಗಳು ನಿಜವಾಗಿಯೂ ಬರುತ್ತವೆ. ನಮ್ಮ ಮಕ್ಕಳು ಅನೇಕರು ಅಮೆರಿಕದಲ್ಲಿದ್ದಾರೆ. ಅಲ್ಲಿಯ ಫೆಡರಲ್ ನ್ಯಾಯಾಲಯಗಳ ನಿಯಮವು 2018ರ ಡಿಸೆಂಬರಿನಿಂದ ವಿದ್ಯುನ್ಮಾನ ಮಾರ್ಗದ ಸೂಚನೆಯನ್ನು ಹೆಸರಿಸಿಯೇ ಒಪ್ಪಿದೆ. ನಿಜವಾದ ಓಲೆಯ ನೆರಳಿನಲ್ಲಿಯೇ ಸುಳ್ಳೂ ಬರುತ್ತದೆ. 2019ರಲ್ಲಿ ಅಲ್ಲಿಯ ಎಕ್ವಿಫ್ಯಾಕ್ಸ್ ಕಂಪನಿಯ ರಾಜಿ ಪ್ರಕಟವಾದ ಕೂಡಲೆ ಅದೇ ಹೆಸರಿನ ಖೋಟಾ ಜಾಲತಾಣಗಳು ಎದ್ದವೆಂದು ಸರ್ಕಾರದ ವ್ಯಾಪಾರ ಆಯೋಗವೇ ಜನರನ್ನು ಎಚ್ಚರಿಸಬೇಕಾಯಿತು. ಹೀಗಾಗಿ ಓಲೆಯ ಮುಖ ನೋಡಿ ತೀರ್ಮಾನಿಸುವಂತಿಲ್ಲ. ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

ಮೊದಲನೆಯದು: ಈ ಗುಂಪಿನಲ್ಲಿ ನಾನಿದ್ದೇನೆಯೇ? ನಿಜವಾದ ಸೂಚನೆ ಯಾರಿಗೆ, ಯಾವ ದಿನದಿಂದ ಯಾವ ದಿನದವರೆಗೆ ಅನ್ವಯಿಸುತ್ತದೆಂದು ಬಿಡಿಸಿ ಹೇಳುತ್ತದೆ. ಫೇಸ್‌ಬುಕ್ಕಿನ 72.5 ಕೋಟಿ ಡಾಲರಿನ ರಾಜಿ 2007ರ ಮೇ 24ರಿಂದ 2022ರ ಡಿಸೆಂಬರ್ 22ರವರೆಗೆ ಅಮೆರಿಕದಲ್ಲಿದ್ದ ಬಳಕೆದಾರರಿಗೆ ಮಾತ್ರ ಸಂಬಂಧಿಸಿತ್ತು. ಕಾಚಿಗುಡ ಬಿಟ್ಟು ಹೊರಗೆ ಹೋಗದವರಿಗೆ ಅದರಲ್ಲಿ ಪಾಲು ಬಂದಿದೆ ಎಂದರೆ ಓದುವುದನ್ನು ಅಲ್ಲಿಗೇ ನಿಲ್ಲಿಸಬಹುದು.

ಎರಡನೆಯದು: ಈ ದಾವೆಯನ್ನು ನಾನೇ ಹುಡುಕಿದರೆ ಸಿಗುತ್ತದೆಯೇ? ನ್ಯಾಯಾಲಯದ ಹೆಸರು, ದಾವೆಯ ಸಂಖ್ಯೆ, ವಕೀಲರ ಹೆಸರುಗಳನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಿ. ಓಲೆಯಲ್ಲಿರುವ ಕೊಂಡಿಯನ್ನು ಒತ್ತಬೇಡಿ, ಅದರಲ್ಲಿರುವ ನಂಬರಿಗೆ ಫೋನು ಮಾಡಬೇಡಿ. ನ್ಯಾಯಾಲಯದ, ಕಂಪನಿಯ, ಸರ್ಕಾರದ ತಾಣಕ್ಕೆ ನಿಮ್ಮ ದಾರಿಯಿಂದಲೇ ಹೋಗಿ ನೋಡಿ. ನಾನು ಹೇಳುವ ಮಾತುಗಳಲ್ಲಿ ಇದೊಂದನ್ನಾದರೂ ನೆನಪಿಡಿ: ಓಲೆ ಖರೆಯೋ ಸುಳ್ಳೋ ಎಂದು ಆ ಓಲೆಯನ್ನೇ ಕೇಳಬಾರದು.

ಮೂರನೆಯದು: ಹಣ ಯಾವ ಕಡೆಗೆ ಹರಿಯುತ್ತದೆ? ನಿಜವಾದ ರಾಜಿಯಲ್ಲಿ ಹಣ ಪಡೆಯಲು ನೀವು ಮೊದಲು ಹಣ ಕಟ್ಟಬೇಕಾಗಿಲ್ಲ. ಸಹಾರಾ ಬಳಗದ ನಾಲ್ಕು ಸಹಕಾರಿ ಸಂಘಗಳ ಠೇವಣಿದಾರರಿಗಾಗಿ, ಅವುಗಳಲ್ಲೊಂದು ಹೈದರಾಬಾದಿನದೇ, 2023ರ ಜುಲೈ 18ರಂದು ತೆರೆದ ಸರ್ಕಾರಿ ತಾಣದಲ್ಲಿ ಅರ್ಜಿಗೆ ಶುಲ್ಕವಿಡಲಿಲ್ಲ. ಬ್ಯಾಂಕು ಖಾತೆಯ ನಂಬರು ಕೇಳಿದ ಮಾತ್ರಕ್ಕೆ ಮೋಸವೆನ್ನಲಾಗದು. ಹಣ ಕಳಿಸಲು ಅದು ಬೇಕು. ನೀವೇ ಹುಡುಕಿ ತಲುಪಿದ ಸರ್ಕಾರಿ ತಾಣದಲ್ಲಿ ಆಧಾರಿನ ಓಟಿಪಿಯನ್ನು ನೀವೇ ತುಂಬುವುದು ಬೇರೆ, ಫೋನಿನಲ್ಲಿ ಕೇಳಿದವನಿಗೆ ಅದನ್ನು ಹೇಳುವುದು ಬೇರೆ. ಹಣ ಪಡೆಯಲು ಯುಪಿಐ ಪಿನ್ ಎಂದಿಗೂ ಬೇಕಿಲ್ಲ.

ನಾಲ್ಕನೆಯದು: ಎಷ್ಟು ಸಮಯ ಕೊಟ್ಟಿದ್ದಾರೆ? ನಿಜವಾದ ಸೂಚನೆ ಅರ್ಜಿಯ ಕೊನೆಯ ದಿನ, ಗುಂಪಿನಿಂದ ಹೊರಗುಳಿಯುವ ದಾರಿ, ಆಕ್ಷೇಪಣೆಯ ದಾರಿ, ನ್ಯಾಯಾಧೀಶರು ವಿಚಾರಿಸುವ ದಿನ, ಇಷ್ಟನ್ನೂ ತಿಳಿಸುತ್ತದೆ. ಸುಳ್ಳು ಓಲೆಗೆ ಸಂಜೆಯೊಳಗೇ ಮುಗಿಸುವ ಅವಸರ. ಅಮೆರಿಕದ ಇಂಥ ರಾಜಿಗಳಲ್ಲಿ ಸುಮ್ಮನೆ ಕೂತವನಿಗೆ ಸಾಮಾನ್ಯವಾಗಿ ಹಣವೂ ಬರುವುದಿಲ್ಲ, ಮುಂದೆ ಬೇರೆ ದಾವೆ ಹೂಡುವ ಹಕ್ಕೂ ಉಳಿಯುವುದಿಲ್ಲ. ಆದ್ದರಿಂದ ನೋಡದೆ ಅಳಿಸುವುದಕ್ಕೂ ಬೆಲೆ ಇದೆ.

ಇಷ್ಟಾದರೂ ಮೋಸವಾದರೆ ನಾಚಿಕೆಪಟ್ಟು ಕೂಡಬೇಡಿ. ತಕ್ಷಣ 1930 ನಂಬರಿಗೆ ಫೋನು ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ಹಣವನ್ನು ದಾರಿಯಲ್ಲಿಯೇ ತಡೆಯುವ ಸಂಭವ ಹೆಚ್ಚು. ನಮ್ಮ ಅಕ್ಕ ಮಕ್ಕಳಿಗೆ ಹೆದರಿ ಮೂರು ದಿನ ಬಾಯಿ ಬಿಡಲಿಲ್ಲ.

ಇನ್ನು ಕೊನೆಯ ಮಾತು. ಇದನ್ನು ರಾಜ್ಯೋತ್ಸವದ ದಿನವೇ ಏಕೆ ಹೇಳಿದೆ? 245ನೆಯ ಕಲಮಿನ ಅರ್ಜಿಯನ್ನು ನ್ಯಾಯಮಂಡಳಿ ಅಂಗೀಕರಿಸಿದರೆ, ಏಳು ದಿನಗಳೊಳಗೆ ಕಂಪನಿಯ ನೋಂದಾಯಿತ ಕಚೇರಿ ಇರುವ ರಾಜ್ಯದ ಮುಖ್ಯ ಭಾಷೆಯ ಪತ್ರಿಕೆಯಲ್ಲಿಯೂ ಇಂಗ್ಲಿಷ್ ಪತ್ರಿಕೆಯಲ್ಲಿಯೂ ಸೂಚನೆ ಪ್ರಕಟವಾಗಬೇಕೆಂದು ನಿಯಮವಿದೆ. ಒಳ್ಳೆಯ ನಿಯಮ. ಆದರೆ ಹೈದರಾಬಾದಿನ ಕಂಪನಿಯಾದರೆ ಆ ಭಾಷೆ ತೆಲುಗು. ನಮ್ಮ ಅಕ್ಕನಂಥವರು ಬಾಯಲ್ಲಿ ತೆಲುಗು, ಉರ್ದು ಎರಡನ್ನೂ ಸಲೀಸಾಗಿ ಆಡುತ್ತಾರೆ. ಓದಬಲ್ಲದ್ದು ಕನ್ನಡದ ಅಕ್ಷರ ಮಾತ್ರ. 1956ರ ನವೆಂಬರ್ 1ರಂದು ಬೀದರ, ಕಲಬುರ್ಗಿ, ರಾಯಚೂರುಗಳು ಮೈಸೂರು ರಾಜ್ಯಕ್ಕೆ ಸೇರಿದಾಗ ಇಲ್ಲಿಯೇ ಉಳಿದ ಮನೆಗಳವರು, ಆಮೇಲೆ ಅನ್ನ ಹುಡುಕಿ ಬಂದವರು, ನಮ್ಮಲ್ಲಿ ಇಂಥ ಹಿರಿಯರು ಎಷ್ಟಿಲ್ಲ? ಕಾಯಿದೆ ಕೊಡುವ ಸೂಚನೆಯನ್ನು ಅವರಿಗೆ ಅವರ ಭಾಷೆಯಲ್ಲಿ ಓದಿಹೇಳುವವರು ನಾವಲ್ಲದೆ ಇನ್ನಾರು?

ಅಧ್ಯಕ್ಷರಲ್ಲಿ ನನ್ನ ಬಿನ್ನಹವಿಷ್ಟೇ. ತಿಂಗಳಿಗೊಂದು ಭಾನುವಾರ ಸಂಘದಲ್ಲಿ ಒಂದು ಮೇಜು, ಎರಡು ಕುರ್ಚಿ ಹಾಕಿಸಿಕೊಡಿ. ಓಲೆ ಬಂದವರು ಅದನ್ನು ಹಾಗೆಯೇ ತರಲಿ. ನಮ್ಮ ಸಂಘದ ತರುಣರೊಬ್ಬರು ಹುಡುಕಿ ನೋಡಲಿ, ನಾನು ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ಓದಿಹೇಳುತ್ತೇನೆ. ಈ ಸಲ ಕನ್ನಡಕ ಹಾಕಿಕೊಂಡೇ ಓದುತ್ತೇನೆ. ಅಕ್ಕನೂ ಬರುತ್ತೇನೆಂದಿದ್ದಾರೆ.