ಎರಡು ಗಜ ನೆಲದಡಿಯ ಭಯ

ಹಳೆಯ ದೆವ್ವದ ಸಿನಿಮಾ ಎಂದೊಡನೆ ನಮಗೆ ನಗು ಬರುತ್ತದೆ. ಅಂಟಿಸಿದ ಮುಖವಾಡ, ಕಿರುಗುಟ್ಟುವ ಬಾಗಿಲು, ಒಂದಿಷ್ಟು ಹೊಗೆ. ಆದರೆ ಆ ಬಡತನದ ಹಿಂದೆ ಜಾಣತನವೂ ಇತ್ತು.

1970ರಲ್ಲಿ ಎಫ್.ಯು. ರಾಮ್ಸೆ ನಿರ್ಮಿಸಿದ ‘ಏಕ್ ನನ್ಹೀ ಮುನ್ನೀ ಲಡ್ಕೀ ಥೀ’ ಸೋತಿತು. ಆದರೆ ಪೃಥ್ವಿರಾಜ್ ಕಪೂರ್ ವಿಕಾರ ಮುಖವಾಡ ತೊಟ್ಟು ಕಳವಿಗೆ ಬರುವ ದೃಶ್ಯಕ್ಕೆ ಜನ ಬೆಚ್ಚಿದ್ದನ್ನು ಅವರ ಮಕ್ಕಳು ಗಮನಿಸಿದರು. ಇಡೀ ಚಿತ್ರವೇ ಹಾಗಿದ್ದರೆ? ಈ ಪ್ರಶ್ನೆಗೆ ಉತ್ತರವಾಗಿ ಬಂದದ್ದು 1972ರ ‘ದೋ ಗಜ್ ಜಮೀನ್ ಕೇ ನೀಚೆ’. ದೊಡ್ಡ ತಾರೆಯರಿಲ್ಲ, ದುಬಾರಿ ಸೆಟ್ಟಿಲ್ಲ. ಮಹಾಬಲೇಶ್ವರದ ಅತಿಥಿಗೃಹದಲ್ಲೇ ಚಿತ್ರೀಕರಣ. ತುಳಸಿ ಮತ್ತು ಶ್ಯಾಮ್ ನಿರ್ದೇಶಕರು, ಗಂಗು ಕ್ಯಾಮೆರಾಕ್ಕೆ, ಕಿರಣ್ ಧ್ವನಿಗೆ. ಮನೆಮಂದಿಯೇ ಕಂಪೆನಿ!

ಕಥೆ ಸರಳ. ಹೆಂಡತಿ ಮತ್ತು ಪ್ರಿಯಕರ ಸೇರಿ ಹಣದಾಸೆಗೆ ಮುಗಿಸಿ ಹೂತ ಗಂಡ ಗೋರಿಯಿಂದ ಎದ್ದು ಬರುತ್ತಾನೆ. ನಮ್ಮನ್ನು ಹೆದರಿಸುವುದು ಮುಖವಾಡವಲ್ಲ, ಹೂತಿಟ್ಟ ಪಾಪ ಹೂತಲ್ಲೇ ಉಳಿಯದೆಂಬ ಹಳೆಯ ನಂಬಿಕೆ. ಹಣವಿಲ್ಲದವರು ಕತ್ತಲೆಯನ್ನು ದುಡಿಸಿಕೊಂಡರು. ಆ ಕತ್ತಲೆಯೊಳಗೆ ಏನಿದೆಯೆಂಬುದನ್ನು ಪ್ರೇಕ್ಷಕನೇ ತುಂಬಿಕೊಂಡ. ಕಂಪ್ಯೂಟರಿನಲ್ಲಿ ಎಲ್ಲವನ್ನೂ ತೋರಿಸಬಲ್ಲ ಇಂದಿನ ಚಿತ್ರಗಳು ಆ ಪಾಲನ್ನು ನಮಗೆ ಬಿಟ್ಟುಕೊಡುವುದು ಅಪರೂಪ. ಆದ್ದರಿಂದ ನಗೋಣ, ಆದರೆ ದೀಪ ಆರಿಸಿದ ಮೇಲೂ ಆ ನಗು ಉಳಿದೀತೇ, ನೋಡಿಕೊಳ್ಳೋಣ.