ಉಸುಕು ಹೊಡೆಯುವ ಯಂತ್ರ: ಸಣ್ಣ ಅಂಗಡಿಕಾರರು ಪಾಲಿಸಬೇಕಾದ ಎಚ್ಚರಿಕೆಗಳು

(ಸಂಘದ ಬೆಳ್ಳಿಹಬ್ಬದ ನಿಮಿತ್ತ ನಡೆದ ಸದಸ್ಯರ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಬೆಳ್ಳಿಹಬ್ಬ ಅಂದಮೇಲೆ 1905ರ ಕಣಗಿನಹಾಳದಿಂದ ಸುರು ಮಾಡಬೇಕು, ಸಿದ್ದನಗೌಡ ಪಾಟೀಲರನ್ನು ನೆನೆಯಬೇಕು. ನಮ್ಮ ಮೊದಲು ಮಾತಾಡಿದವರು ಆ ಕೆಲಸ ಚೆನ್ನಾಗಿ ಮಾಡಿದ್ದಾರೆ. ನಾವು ಹೇಳಬೇಕೆಂದಿರುವುದು ಹಬ್ಬದ ದಿನ ಹೇಳುವ ಮಾತಲ್ಲ. ಆದರೆ ಇಷ್ಟು ಮಂದಿ ಒಂದೇ ಕಡೆ ಸೇರೋದು ಮತ್ತೆ ಯಾವಾಗಲೋ, ಆದ್ದರಿಂದ ಹೇಳಿಬಿಡುತ್ತೇವೆ.

ನಮ್ಮ ಸಂಘ ಮೊದಲು ಬೀಜ-ಗೊಬ್ಬರಕ್ಕೆ ಮಾತ್ರ ಸಾಲ ಕೊಡುತ್ತಿತ್ತು. ಆಮೇಲೆ ಕಸುಬಿನ ಸಾಲ ಬಂತು. ವೆಲ್ಡಿಂಗ್ ಅಂಗಡಿ, ಟ್ರೇಲರ್ ಕಟ್ಟುವವರು, ಗೇಟು-ಕಿಡಕಿ ಮಾಡುವವರು, ಗ್ರಾನೈಟ್ ಮೇಲೆ ಹೆಸರು ಕೆತ್ತುವವರು, ಗಾಜಿನ ಮೇಲೆ ಬಳ್ಳಿ ಬಿಡಿಸುವವರು ಹೀಗೆ ಹಲವರು ಅದನ್ನು ಪಡೆದರು. ಇವರಲ್ಲಿ ಕೆಲವರು ಕಂಪ್ರೆಸರ್ ಜೊತೆಗೆ ಉಸುಕು ಹೊಡೆಯುವ ಯಂತ್ರವನ್ನೂ ತಂದರು. ತುಕ್ಕು ಹಿಡಿದ ಕಬ್ಬಿಣವನ್ನು ಬ್ರಶ್ಶಿನಿಂದ ಉಜ್ಜಿದರೆ ಒಂದು ದಿನ, ಉಸುಕು ಹೊಡೆದರೆ ಅರ್ಧ ತಾಸು. ಬಣ್ಣವೂ ಗಟ್ಟಿ ಹಿಡಿಯುತ್ತದೆ. ಒಳ್ಳೆಯ ಯಂತ್ರವೇ, ನಾವು ಅದನ್ನು ಬೈಯಾಕ ನಿಂತಿಲ್ಲ.

ಅಂಥ ಒಂದು ಅಂಗಡಿಯಲ್ಲಿ ನಾಜಲ್ ಹಿಡಿಯುತ್ತಿದ್ದ ಹುಡುಗನ ಸಂಗತಿ ಹೇಳುತ್ತೇವೆ. ಹೆಸರು ಬೇಡ, ಊರೂ ಬೇಡ. ನಾಲ್ಕು ವರ್ಷ ಕೆಲಸ ಮಾಡಿದ. ಮೋತಿಗೆ ಟವೆಲ್ ಸುತ್ತಿಕೊಂಡರೆ ಅದೇ ಅವನ ರಕ್ಷಣೆ. ಕೆಮ್ಮು ಹತ್ತಿತು, ಮೈ ಇಳೀತು, ದಮ್ಮು ಬಂತು. ಟಿ.ಬಿ. ಇರಬೇಕು ಅಂತ ಆರು ತಿಂಗಳು ಗುಳಿಗೆ ನುಂಗಿದ. ಕಫದಾಗ ರೋಗಾಣು ಸಿಕ್ಕಿರಲೇ ಇಲ್ಲ. ಕೊನೆಗೆ ಹುಬ್ಬಳ್ಳಿಯಲ್ಲಿ ಒಬ್ಬ ಡಾಕ್ಟರು ಎಕ್ಸ್‌ರೇ ನೋಡಿ, "ತಮ್ಮಾ, ನೀ ಏನು ಕೆಲಸ ಮಾಡ್ತಿ?" ಎಂದು ಕೇಳಿದರಂತೆ. ಅಲ್ಲಿಯವರೆಗೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾವೂ ಕೇಳಿರಲಿಲ್ಲ. ನಮ್ಮ ಸಾಲದ ಅರ್ಜಿಯಲ್ಲಿ ಜಾಮೀನುದಾರರಿಗೆ ಜಾಗ ಇದೆ, ಪಹಣಿಗೆ ಇದೆ, ಯಂತ್ರದ ಕೊಟೇಶನ್ನಿಗೆ ಇದೆ. ಆ ಯಂತ್ರ ಹಿಡಿಯುವವನು ಯಾವ ಗಾಳಿ ಉಸಿರಾಡುತ್ತಾನೆ ಎಂದು ಕೇಳುವ ಕಾಲಮ್ಮು ಇಲ್ಲ. ಆ ಅಂಗಡಿಯ ಸಾಲ ಒಂದು ಕಂತೂ ತಪ್ಪದೆ ತೀರಿತು. ವಾರ್ಷಿಕ ವರದಿಯಲ್ಲಿ ನಾವು ಅದನ್ನು ಅಭಿಮಾನದಿಂದ ಬರೆದುಕೊಂಡಿದ್ದೆವು. ಆ ಹುಡುಗ ಈಗ ಮನೆಯಿಂದ ಬಸ್‌ಸ್ಟ್ಯಾಂಡಿಗೆ ಹೋಗುವುದರಾಗ ಎರಡು ಸಲ ಕೂಡುತ್ತಾನೆ.

ಈ ರೋಗದ ಹೆಸರು ಸಿಲಿಕೋಸಿಸ್. ವರದಾ, ತುಂಗಭದ್ರಾ ಹೊಳೆಯ ಉಸುಕಿನಲ್ಲಿ ಹೆಚ್ಚಿನ ಪಾಲು ಸಿಲಿಕಾ, ಅಂದರೆ ಬಿಳಿಗಲ್ಲಿನ ಪುಡಿ. ಹೊಳೆಯಲ್ಲಿ ಬಿದ್ದಿರುವಾಗ ಅದರಿಂದ ಏನೂ ಕೇಡಿಲ್ಲ. ಮಕ್ಕಳು ಅದರಾಗೇ ಆಡಿ ಬೆಳೀತಾರೆ. ಆದರೆ ಚದರ ಇಂಚಿಗೆ 80ರಿಂದ 100 ಪೌಂಡು ಒತ್ತಡದಲ್ಲಿ ಕಬ್ಬಿಣಕ್ಕೆ ಬಡಿದಾಗ ಪ್ರತಿ ಕಾಳೂ ಒಡೆದು ಹಿಟ್ಟಾಗುತ್ತದೆ. ಜೋಳ ತೂರುವುದನ್ನು ನೆನಪು ಮಾಡಿಕೊಳ್ಳಿರಿ: ಕಾಳು ಕಾಲಬುಡಕ್ಕೆ ಬೀಳ್ತದ, ಹೊಟ್ಟು ದೂರ ಹೋಗ್ತದ. ಇಲ್ಲಿಯೂ ಹಂಗ. ಕಣ್ಣಿಗೆ ಕಾಣುವ ದಪ್ಪ ಧೂಳು ನೆಲಕ್ಕೆ ಬೀಳುತ್ತದೆ, ಇಲ್ಲವೆ ಮೂಗಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕೊಲ್ಲುವುದು ಕಣ್ಣಿಗೆ ಕಾಣದ ಧೂಳು. ಕೆಲಸ ನಿಲ್ಲಿಸಿದ ಮೇಲೂ ಅದು ಬಹಳ ಹೊತ್ತು ಗಾಳಿಯಲ್ಲಿ ತೇಲುತ್ತಿರುತ್ತದೆ, ಶ್ವಾಸಕೋಶದ ಕಟ್ಟಕಡೆಯ ಗೂಡಿಗೆ ಹೋಗಿ ಕೂಡುತ್ತದೆ, ಅಲ್ಲಿ ಗಾಯ ಮಾಡಿ ಕಲೆ ಕಟ್ಟಿಸುತ್ತದೆ. ಆ ಕಲೆ ಹೋಗಲಾಡಿಸುವ ಔಷಧ ಇಲ್ಲ. ಕೆಲಸ ಬಿಟ್ಟ ಮೇಲೂ ರೋಗ ಮುಂದುವರಿಯಬಹುದು. ಸಿಲಿಕೋಸಿಸ್ ಆದವರಿಗೆ ನಿಜವಾದ ಟಿ.ಬಿ. ಹತ್ತುವ ಸಂಭವವೂ ಜಾಸ್ತಿ. ಶ್ವಾಸಕೋಶದ ಕ್ಯಾನ್ಸರಿಗೂ ಈ ಧೂಳು ಕಾರಣ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸಾರಿದ್ದು 1997ರಲ್ಲಿ, ನಮ್ಮ ಹಾವೇರಿ ಜಿಲ್ಲೆ ಆದ ವರ್ಷವೇ.

ಇದು ಹೊಸ ರೋಗವಲ್ಲ, ಹೊರಗಿನಿಂದ ಬಂದದ್ದೂ ಅಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಬಂಡೆ ಕೊರೆದವರ ಎದೆಯಲ್ಲಿ ಇದು ಇದೆಯೆಂದು 1934ರಲ್ಲೇ ವರದಿಯಾಗಿತ್ತು. 1940ರಲ್ಲಿ ಮೈಸೂರು ಸರ್ಕಾರ ಸಿಲಿಕೋಸಿಸ್ ನಿಯಮಗಳನ್ನು ಮಾಡಿ ಪರಿಹಾರಕ್ಕೆ ದಾರಿ ಮಾಡಿತು. ಉಸುಕು ಹೊಡೆಯುವ ಕೆಲಸಕ್ಕೆ ಸಿಲಿಕಾ ಉಸುಕು ಬಳಸುವುದನ್ನು ಬ್ರಿಟನ್ 1949ರಲ್ಲೇ ನಿಲ್ಲಿಸಿತು. ತುರ್ಕಿ ದೇಶದಲ್ಲಿ ಜೀನ್ಸ್ ಪ್ಯಾಂಟಿಗೆ ಹಳೇ ಬಣ್ಣದ ಮೆರುಗು ಬರಲೆಂದು ಉಸುಕು ಹೊಡೆದು ಹರೆಯದ ಹುಡುಗರು ಸತ್ತರು, 2009ರಲ್ಲಿ ಅಲ್ಲಿಯೂ ಬಂದಾಯಿತು. ಹೊಸ ಅರಿವೆ ಹಳೆಯದಾಗಿ ಕಾಣಲಿ ಎಂದು ಜೀವ ಕಳಕೊಂಡರಲ್ಲ ಅಂತ ನಮಗೆ ಇಂದಿಗೂ ಕಸಿವಿಸಿ ಆಗುತ್ತದೆ.

"ನಮ್ಮದು ಮೂರು ಮಂದಿಯ ಅಂಗಡಿ, ಕಾಯ್ದೆ ನಮಗೆ ಹತ್ತೂದಿಲ್ಲ ಬಿಡ್ರಿ" ಎಂದು ಕೆಲವರು ಹೇಳುತ್ತಾರೆ. 1948ರ ಕಾರ್ಖಾನೆ ಕಾಯ್ದೆಯ ಕೆಳಗಿನ ನಿಯಮಗಳು ಉಸುಕಿನ ಧಾರೆಯಿಂದ ಸಾಮಾನು ಸ್ವಚ್ಛ ಮಾಡುವುದನ್ನು ಅಪಾಯದ ಕೆಲಸಗಳ ಪಟ್ಟಿಯಲ್ಲೇ ಇಟ್ಟಿದ್ದವು. ಆ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಬಂದು, 2025ರ ನವೆಂಬರ್ 21ರಿಂದ ಜಾರಿಯಾಗಿದೆ. ಅದರಲ್ಲಿ ಕರೆಂಟು ಬಳಸುವ ಕಾರ್ಖಾನೆ ಎನ್ನಲು 20 ಮಂದಿ ಬೇಕು, ಖರೆ. ಆದರೆ ಅಪಾಯಕಾರಿ ಎಂದು ಸರ್ಕಾರ ಅಧಿಸೂಚನೆ ಹೊರಡಿಸಿದ ಕೆಲಸಕ್ಕೆ ಒಬ್ಬನೇ ಆಳು ಇದ್ದರೂ ಅದನ್ನು ಹಚ್ಚಬಹುದು. ಇನ್ನು ಪರಿಹಾರದ ಮಾತು. 1923ರ ಕಾಯ್ದೆಯಂತೆ ಈಗಿನ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಸಿಲಿಕೋಸಿಸ್ ಉದ್ಯೋಗದಿಂದ ಬರುವ ರೋಗವೆಂದೇ ಇದೆ. ಕಾಯ್ದೆ ಏನೇ ಇರಲಿ, ಧೂಳಿಗೆ ಹಾಜರಿ ಪುಸ್ತಕ ಓದಲು ಬರುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲನೆಯದಾಗಿ, ಹೊಳೆಯ ಉಸುಕು ಬಿಡಬೇಕು. ಅದರ ಬದಲಿಗೆ ಗಾರ್ನೆಟ್, ಉಕ್ಕಿನ ಗ್ರಿಟ್, ಗಾಜಿನ ಮಣಿ ಸಿಗುತ್ತವೆ. "ಉಸುಕು ಪುಕ್ಕಟೆ ಸಿಗ್ತದ, ಗ್ರಿಟ್ಟಿಗೆ ರೊಕ್ಕ ಯಾರು ಕೊಡ್ತಾರ?" ಎಂದು ನಮ್ಮ ಸಭೆಯಲ್ಲೇ ಒಬ್ಬರು ಕೇಳಿದರು. ಉಸುಕು ಒಂದು ಸಲ ಬಡಿದರೆ ಪುಡಿಯಾಗಿ ಹೋಗುತ್ತದೆ. ಉಕ್ಕಿನ ಗ್ರಿಟ್ಟನ್ನು ಮುಚ್ಚಿದ ಪೆಟ್ಟಿಗೆಯೊಳಗೆ ಕೂಡಿಸಿಕೊಂಡು ಮತ್ತೆ ಮತ್ತೆ ಬಳಸಬಹುದು. ಲೆಕ್ಕ ಹಾಕಿ ನೋಡಿರಿ. ಆದರೆ ಉಸುಕು ಬಿಟ್ಟ ಮಾತ್ರಕ್ಕೆ ಎಲ್ಲ ಮುಗಿಯಲಿಲ್ಲ. ಹಳೇ ಕಬ್ಬಿಣದ ಮೇಲಿನ ಬಣ್ಣವೂ ಧೂಳಾಗುತ್ತದೆ. ರೆಡ್ ಆಕ್ಸೈಡ್ ಬೇರೆ, ಹಳೇ ಕಾಲದ ಸಿಂಧೂರದ ಬಣ್ಣ ಬೇರೆ. ಎರಡನೆಯದರಲ್ಲಿ ಸೀಸ ಇರುತ್ತದೆ, ಅದು ನರಕ್ಕೂ ರಕ್ತಕ್ಕೂ ವಿಷ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಆದದ್ದೇ 2016ರಲ್ಲಿ, ಅದಕ್ಕೂ ಹಿಂದಿನ ಗೇಟು-ಟ್ರೇಲರುಗಳು ನಮ್ಮಲ್ಲಿ ಎಷ್ಟು ಬೇಕಾದಷ್ಟಿವೆ.

ಸಣ್ಣ ಸಾಮಾನು ಇದ್ದರೆ ಕೈ ಮಾತ್ರ ಒಳಗೆ ಹೋಗುವ ಮುಚ್ಚಿದ ಪೆಟ್ಟಿಗೆಯೇ ಸಾಕು, ಧೂಳು ಎಳೆದು ಚೀಲಕ್ಕೆ ತುಂಬುವ ಫ್ಯಾನ್ ಜೊತೆಗಿರಲಿ. ದೊಡ್ಡ ಸಾಮಾನಿಗೆ ಬೇರೆ ಕೋಣೆ ಬೇಕು. ಬಯಲಲ್ಲಿ ಹೊಡೆದರೆ ಧೂಳು ಪಕ್ಕದ ಚಹಾದ ಅಂಗಡಿಗೆ, ಶಾಲೆಗೆ ಹೋಗುತ್ತದೆ. ನಾಜಲ್ ಹಿಡಿಯುವವನಿಗೆ ಟವೆಲ್ ಸಾಲದು, ಹತ್ತು ರೂಪಾಯಿಯ ಮಾಸ್ಕ್ ಸಾಲದು. ತಲೆ, ಮೋತಿ, ಹೆಗಲು ಮುಚ್ಚುವ, ಹೊರಗಿನಿಂದ ಪೈಪಿನಲ್ಲಿ ಶುದ್ಧ ಗಾಳಿ ಬರುವ ಹುಡ್ ಬೇಕು. ಇಲ್ಲೊಂದು ಮೋಸವಿದೆ. ಉಸಿರಿನ ಗಾಳಿಯನ್ನು ಹಂಗ ಸುಮ್ಮನೆ ಕಂಪ್ರೆಸರಿನಿಂದ ತೆಗೆದುಕೊಂಡರೆ ಎಣ್ಣೆಯ ಆವಿ ಬರುತ್ತದೆ, ಕಂಪ್ರೆಸರ್ ಬಿಸಿಯಾದರೆ ಇಲ್ಲವೆ ಹತ್ತಿರ ಟ್ರ್ಯಾಕ್ಟರ್ ಚಾಲೂ ಇದ್ದರೆ ವಿಷದ ಹೊಗೆಯೂ ಬರುತ್ತದೆ. ಆ ಹೊಗೆಗೆ ವಾಸನೆಯಿಲ್ಲ, ಬಣ್ಣವಿಲ್ಲ. ಗಾಳಿ ಎಳೆಯುವ ಬಾಯಿ ಹೊಗೆಯಿಂದ ದೂರ ಇರಬೇಕು, ನಡುವೆ ಫಿಲ್ಟರ್ ಇರಬೇಕು, ಅದನ್ನು ಹೊತ್ತಿಗೆ ಸರಿಯಾಗಿ ಬದಲಿಸಬೇಕು. ಶಬ್ದವೂ ಕಡಿಮೆಯಲ್ಲ. ಎಂಟು ತಾಸಿನ ಕೆಲಸಕ್ಕೆ 90 ಡೆಸಿಬಲ್ ಮಿತಿ, ನಾಜಲ್ ಬಳಿ ಅದು ನೂರು ದಾಟುತ್ತದೆ. ಕಿವಿಗೆ ಪ್ಲಗ್ ಹಾಕಿಕೊಳ್ಳದಿದ್ದರೆ ಮುಂದೆ ಮೊಮ್ಮಕ್ಕಳ ಮಾತು ಕೇಳಿಸದು.

ಯಂತ್ರದ ಬಗ್ಗೆ ಎರಡು ಮಾತು. ಹಳೇ ಗ್ಯಾಸ್ ಸಿಲಿಂಡರ್ ಕೊಯ್ದು ಉಸುಕಿನ ಡಬ್ಬಿ ಮಾಡಿಕೊಳ್ಳುವವರಿದ್ದಾರೆ. ಒತ್ತಡದಲ್ಲಿ ಅದು ಒಡೆದರೆ ಬಾಂಬು. ನೀರು ತುಂಬಿ ಒತ್ತಡ ಪರೀಕ್ಷೆ ಮಾಡಿದ, ಸೇಫ್ಟಿ ವಾಲ್ವ್ ಇರುವ ಡಬ್ಬಿಯೇ ಬೇಕು. ಕೈ ಬಿಟ್ಟ ಕೂಡಲೆ ಧಾರೆ ನಿಲ್ಲುವಂಥ ಹಿಡಿಕೆ ಬೇಕು. ಆ ಹಿಡಿಕೆಗೆ ತಂತಿ ಬಿಗಿದು "ಬೆರಳು ನೋಯ್ತದರಿ" ಎನ್ನುವವರನ್ನು ನಾವೇ ಕಂಡಿದ್ದೇವೆ. ಬಿಟ್ಟ ಪೈಪು ಹಾವಿನಂತೆ ಹೊರಳಾಡಿ ಬಡಿಯುತ್ತದೆ, ಆದ್ದರಿಂದ ಪ್ರತಿ ಜೋಡಣೆಗೂ ಪಿನ್ನು, ಸಂಕಲೆ ಇರಲಿ. ಅರ್ಥಿಂಗ್ ಇರಲಿ. ಮೈಮೇಲಿನ ಧೂಳನ್ನು ಗಾಳಿಪೈಪಿನಿಂದ ಊದಿಕೊಳ್ಳಬೇಡಿರಿ. ಚೇಷ್ಟೆಗೆ ಇನ್ನೊಬ್ಬರ ಮೈಗೆ ಗಾಳಿ ಬಿಟ್ಟು ಜೀವ ಹೋದ ಸುದ್ದಿ ಪತ್ರಿಕೆಯಲ್ಲಿ ಬಂದದ್ದು ನೀವೂ ಓದಿರಬಹುದು.

ತಾಯಂದಿರಿಗೆ ಒಂದು ಮಾತು. ಅಂಗಡಿಯ ಅರಿವೆ ಮನೆಗೆ ಬರಬಾರದು. ಒಗೆಯುವ ಮುಂದೆ ಝಾಡಿಸಿದರೆ ಅದೇ ಧೂಳು ನಿಮ್ಮ ಎದೆಗೆ, ಕೂಸಿನ ಎದೆಗೆ ಹೋಗುತ್ತದೆ. ಅಂಗಡಿಯಲ್ಲೇ ಬದಲಿಸಿ, ನೀರಲ್ಲಿ ನೆನೆಸಿ ಒಗೆಯಬೇಕು. ಕಸಬರಿಗೆ ಹಿಡಿಯುವ ಮುಂಚೆ ನೀರು ಚಿಮುಕಿಸಬೇಕು. ಹದಿನೆಂಟು ತುಂಬದ ಮಗನನ್ನು ಈ ಕೆಲಸಕ್ಕೆ ಕಳಿಸಬೇಡಿರಿ. ಈಗಾಗಲೇ ಈ ಕೆಲಸ ಮಾಡುತ್ತಿರುವವರು ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ, ಉಸಿರಿನ ಪರೀಕ್ಷೆ ಮಾಡಿಸಿ, ಡಾಕ್ಟರು ಕೇಳಲಿ ಬಿಡಲಿ, "ನಾನು ಉಸುಕು ಹೊಡೆಯುವ ಕೆಲಸ ಮಾಡ್ತೇನ್ರಿ" ಎಂದು ತಾವಾಗಿಯೇ ಹೇಳಬೇಕು.

ಆಡಳಿತ ಮಂಡಳಿಯವರು ಈ ವಿಷಯದಲ್ಲಿ ಒಂದು ಠರಾವು ಸಿದ್ಧಪಡಿಸಿದ್ದೇವೆ. ಇನ್ನು ಮುಂದೆ ಈ ಯಂತ್ರಕ್ಕೆ ಸಾಲ ಕೇಳಿದರೆ ಹುಡ್, ಫಿಲ್ಟರ್, ಹಿಡಿಕೆಯ ಕೊಟೇಶನ್ನೂ ಜೊತೆಗಿರಬೇಕು, ಅದೇ ಸಾಲದಲ್ಲಿ ಅವನ್ನೂ ಸೇರಿಸಿ ಕೊಡಲಾಗುವುದು. ಹಿಂದೆ ಸಾಲ ಪಡೆದವರಿಗೆ ಇವುಗಳಿಗಾಗಿಯೇ ಕಡಿಮೆ ಬಡ್ಡಿಯ ಸಣ್ಣ ಸಾಲ. ಇದು ಮುಂದಿನ ಸಾಮಾನ್ಯ ಸಭೆಗೆ ಬರುತ್ತದೆ, ಬಡ್ಡಿಯ ದರದ ಬಗ್ಗೆ ಜಗಳ ಆಗುವುದಿದ್ದರೆ ಅಲ್ಲೇ ಆಗಲಿ.

ಆ ಹುಡುಗ ಕೆಲಸ ಮಾಡುತ್ತಿದ್ದ ಅಂಗಡಿಯ ಮಾಲೀಕರು ಈಗ ಒಂದು ಹುಡ್ ಕೊಂಡಿದ್ದಾರೆ, ಇಂದು ತಂದಿದ್ದಾರೆ. ಊಟ ಆದ ಮೇಲೆ ಗೋದಾಮಿನ ಪಡಸಾಲೆಯಲ್ಲಿ ಅದನ್ನು ಹಾಕಿಕೊಂಡು ತೋರಿಸುತ್ತಾರೆ. ಅಂಗಡಿ ಇರುವವರು ಕೆಲಸದ ಹುಡುಗರನ್ನೂ ಕರೆದುಕೊಂಡು ಅಲ್ಲಿಗೆ ಬರಬೇಕೆಂದು ಕೇಳಿಕೊಳ್ಳುತ್ತೇವೆ.